ಹೋಗಿ ಬರುವ ಹೊತ್ತು

"ಅಜ್ಜಾರೇ, ನಾನು ಊರಲ್ಲಿರುವ ಅಣ್ಣನನ್ನು ಕಾಗದ ಬರೆದು ಕರೆಯುತ್ತೇನೆ. ಉತ್ತರ ಬರುತ್ತದೆ, ಆದರೆ ತಡವಾಗಿ ಬರುತ್ತದೆ. ನಾನು ಮಠಕ್ಕೆ ಬಂದ ಮೊದಲ ವರ್ಷ ಎರಡು ದಿನಕ್ಕೆ ಬರುತ್ತಿತ್ತು. ಈಗ ತಿಂಗಳಾಗುತ್ತದೆ. ಉತ್ತರ ತಡವಾದಷ್ಟೂ ಅವನು ನನ್ನಿಂದ ದೂರ ಹೋಗಿದ್ದಾನೆ ಎಂದು ತಿಳಿಯಲೇ? ಕರೆದು ಕರೆದು ನನಗೂ ಸಾಕಾಗಿದೆ."

ಹೀಗೆ ಕೇಳಿದವನು ಅಡಿವೆಪ್ಪನೆಂಬ ಶಿಷ್ಯ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಗಣಿಯಲ್ಲಿ ಒಬ್ಬ ಅಳತೆಗಾರ್ತಿ ಇದ್ದಳು. ಹೆಸರು ಮಹಾನಂದಾ. ನೆಲದಡಿಯಲ್ಲಿ ಯಾವ ಕೆಲಸಗಾರ ಯಾವ ಹೊತ್ತಿನಲ್ಲಿ ಎಲ್ಲಿದ್ದಾನೆ ಎಂದು ತಿಳಿದಿರುವುದು ಅವಳ ಕೆಲಸ.

ಬಯಲಿನಲ್ಲಾದರೆ ಆಕಾಶದ ಉಪಗ್ರಹಗಳು ಅದನ್ನು ಹೇಳುತ್ತವೆ. ನೆಲದಡಿಗೆ ಅವುಗಳ ದನಿ ಇಳಿಯುವುದಿಲ್ಲ. ಆದ್ದರಿಂದ ಗಣಿಯವರು ಬೇರೆ ಏರ್ಪಾಡು ಮಾಡಿದ್ದರು. ಪ್ರತಿ ಸುರಂಗದ ಬಾಯಲ್ಲಿ ಒಂದು ರೇಡಿಯೋ ಪೆಟ್ಟಿಗೆ. ಪ್ರತಿ ಕೆಲಸಗಾರನ ಹೆಲ್ಮೆಟ್ಟಿನಲ್ಲಿ ರೂಪಾಯಿಯಗಲದ ಒಂದು ಬಿಲ್ಲೆ. ಪೆಟ್ಟಿಗೆ ಕರೆಯುತ್ತದೆ, ಬಿಲ್ಲೆ ಉತ್ತರಿಸುತ್ತದೆ. ಕರೆ ಹೋಗಿ ಉತ್ತರ ಬರಲು ಹಿಡಿದ ಹೊತ್ತನ್ನು ಪೆಟ್ಟಿಗೆ ಅಳೆಯುತ್ತದೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲಿನಲ್ಲಿ ರೇಡಿಯೋ ಅಲೆ ಒಂದಡಿ ಸಾಗುತ್ತದೆ. ಹೊತ್ತು ತಿಳಿದರೆ ದೂರ ತಿಳಿಯುತ್ತದೆ. ಸುರಂಗ ನೇರವಾಗಿದ್ದರೆ ದೂರ ತಿಳಿದವನಿಗೆ ಜಾಗವೂ ತಿಳಿಯುತ್ತದೆ.

ಬಿಲ್ಲೆ ಕರೆ ಕೇಳಿದ ಕೂಡಲೇ ಉತ್ತರಿಸಲಾರದು. ಕೇಳಿದ್ದನ್ನು ತಿಳಿದುಕೊಂಡು ಸಜ್ಜಾಗಲು ಅದಕ್ಕೂ ಒಂದಿಷ್ಟು ಹೊತ್ತು ಬೇಕು. ಆ ಹೊತ್ತು ಇಂತಿಷ್ಟೆಂದು ತಯಾರಿಸಿದವರು ಬರೆದುಕೊಟ್ಟಿದ್ದರು. ಪೆಟ್ಟಿಗೆ ಅಷ್ಟನ್ನು ಕಳೆದು, ಉಳಿದದ್ದೆಲ್ಲ ದಾರಿಗೆ ಹಿಡಿದ ಹೊತ್ತು ಎಂದು ಎಣಿಸುತ್ತಿತ್ತು.

ಮೊದಲ ವರ್ಷ ಎಲ್ಲವೂ ಸರಿಯಿತ್ತು. ಕೆಲಸಗಾರ ನಿಂತ ಜಾಗಕ್ಕೂ ಪರದೆಯ ಮೇಲೆ ಕಾಣುವ ಜಾಗಕ್ಕೂ ಒಂದು ಮೊಳದ ವ್ಯತ್ಯಾಸವೂ ಇರುತ್ತಿರಲಿಲ್ಲ. ಎರಡನೆಯ ವರ್ಷ ಅಳತೆ ಜಾರತೊಡಗಿತು. ಕೆಲವರು ಇರುವ ಜಾಗಕ್ಕಿಂತ ನಾಲ್ಕು ಮೀಟರ್ ಆಚೆ ಕಾಣುತ್ತಿದ್ದರು. ಕೆಲವರು ಹತ್ತು ಮೀಟರ್ ಆಚೆ. ಹತ್ತಿರ ಕಾಣುವವರು ಒಬ್ಬರೂ ಇರಲಿಲ್ಲ. ಎಲ್ಲರೂ ದೂರವೇ.

ಮಹಾನಂದಾ ತಪ್ಪನ್ನು ದಾರಿಯಲ್ಲಿ ಹುಡುಕಿದಳು. ಅಲೆ ಕಬ್ಬಿಣದ ಹಳಿಗೆ ಬಡಿದು ಸುತ್ತಿ ಬರುತ್ತಿರಬಹುದು ಎಂದುಕೊಂಡು ಪೆಟ್ಟಿಗೆಯನ್ನು ಎತ್ತರಕ್ಕೆ ಕಟ್ಟಿಸಿದಳು. ತನ್ನ ಬಿಲ್ಲೆಯನ್ನು ಹೆಲ್ಮೆಟ್ಟಿಗೆ ಸಿಕ್ಕಿಸಿಕೊಂಡು ಸುರಂಗದುದ್ದಕ್ಕೂ ನಡೆದು ನೋಡಿದಳು. ಅಳತೆ ಸರಿ ಬಂತು. ಸಮಾಧಾನದಿಂದ ಮೇಲೆ ಬಂದಳು. ಮರುದಿನ ಮತ್ತೆ ತಪ್ಪು. ಗೋಡೆಯ ನೀರು ಕಾರಣವಿರಬಹುದೆಂದು ನೀರು ಹೋಗಲು ಕಾಲುವೆ ತೋಡಿಸಿದಳು. ಮತ್ತೆ ನಡೆದು ನೋಡಿದಳು. ಸರಿ ಬಂತು. ಮರುದಿನ ಮತ್ತೆ ತಪ್ಪು.

ಹೀಗೆ ಆರು ತಿಂಗಳು ಕಳೆಯಿತು. ಅವಳ ಬಿಲ್ಲೆ ಕಚೇರಿಯ ಮೊಳೆಗೆ ನೇತುಹಾಕಿದ್ದು. ವಾರಕ್ಕೊಮ್ಮೆ ಇಳಿಯುತ್ತಿತ್ತು. ಕೆಲಸಗಾರರ ಬಿಲ್ಲೆಗಳು ಎರಡು ವರ್ಷದಿಂದ ದಿನಾ ಎಂಟು ಗಂಟೆ ಶೆಕೆಯಲ್ಲಿ, ನೀರಿನಲ್ಲಿ, ಧೂಳಿನಲ್ಲಿ ಇದ್ದಂಥವು. ಇದು ಅವಳಿಗೆ ಹೊಳೆಯಲಿಲ್ಲ. ಆ ಹೊತ್ತಿಗೆ ಅವಳು ತೀರ ದಣಿದಿದ್ದಳು. ತಪ್ಪು ಸಿಗಲಿ ಎಂಬ ಆಸೆಯೂ ಉಳಿದಿರಲಿಲ್ಲ. ಬೆಳಿಗ್ಗೆ ಕಚೇರಿಗೆ ಬರುತ್ತಿದ್ದಳು, ಸಂಜೆ ಹೊರಡುತ್ತಿದ್ದಳು, ಮನೆಗೆ ಹೋಗಿ ಯಾರೊಂದಿಗೂ ಮಾತಾಡದೆ ಮಲಗುತ್ತಿದ್ದಳು. ಕೊನೆಗೆ ಒಂದು ತೀರ್ಮಾನಕ್ಕೆ ಬಂದಳು. ನಾನು ನಡೆದಾಗ ಅಳತೆ ಸರಿ ಬರುತ್ತದೆ, ಅಂದರೆ ಯಂತ್ರ ಸರಿಯಿದೆ. ಯಂತ್ರ ಸರಿಯಿದ್ದ ಮೇಲೆ ಮನುಷ್ಯರೇ ತಮ್ಮ ಜಾಗ ಬಿಟ್ಟು ತಿರುಗುತ್ತಿರಬೇಕು.

ಹಾಗೆಂದು ಬರೆದು ಸಹಿ ಹಾಕಿ ಮ್ಯಾನೇಜರಿಗೆ ಕೊಟ್ಟಳು.

ಅದೇ ಗಣಿಯಲ್ಲಿ ತಾಯಪ್ಪನೆಂಬ ಕೆಲಸಗಾರನಿದ್ದ. ಸುರಂಗದ ಚಾವಣಿಗೆ ಆಸರೆಯ ಕಂಬ ನಿಲ್ಲಿಸುವವನು. ಇಪ್ಪತ್ತೇಳು ವರ್ಷ ಅದೇ ಕೆಲಸ ಮಾಡಿದವನು. ಅವನ ಜಾಗ ಸುರಂಗದ ಬಾಯಿಂದ ಐವತ್ತೆರಡು ಮೀಟರಿನಲ್ಲಿತ್ತು. ಅರವತ್ತು ಮೀಟರಿಗೆ ಒಂದು ಕೆಂಪು ಗೆರೆ. ಅದರಾಚೆ ಚಾವಣಿ ಸಡಿಲವಾಗಿದ್ದರಿಂದ ಯಾರೂ ಹೋಗಬಾರದೆಂದು ಕಟ್ಟಪ್ಪಣೆ. ಎಪ್ಪತ್ತಕ್ಕೆ ಸುರಂಗ ಮುಗಿದು ಬಂಡೆ ಸಿಗುತ್ತಿತ್ತು. ಪರದೆಯ ಮೇಲೆ ತಾಯಪ್ಪ ದಿನಾ ಅರವತ್ತನಾಲ್ಕರಲ್ಲಿ ಕಾಣುತ್ತಿದ್ದ.

ಗೆರೆ ದಾಟಿ ಹೋಗಿ ಯಾರಿಗೂ ಕಾಣದಂತೆ ಮಲಗುತ್ತಾನೆ ಎಂದು ಅವನಿಗೆ ಎಚ್ಚರಿಕೆಯ ಪತ್ರ ಬಂತು. ತಿಂಗಳ ಮೇಲೆ ಇನ್ನೊಂದು ಬಂತು. ಮೂರನೆಯದು ಬಂದರೆ ಕೆಲಸ ಹೋಗುತ್ತದೆ.

ತಾಯಪ್ಪ ಅಳತೆಗಾರ್ತಿಯ ಕಚೇರಿಗೆ ಬಂದ. ಬಾಗಿಲಲ್ಲೇ ನಿಂತು ಹೇಳಿದ. "ಮೇಡಂ, ನಾ ಗೆರಿ ದಾಟಿಲ್ರೀ. ಒಂದು ಸಲ ನೀವೇ ಕೆಳಗ ಬಂದು ನನ್ನ ಬಾಜೂಕ ನಿಂತು ನೋಡ್ರಿ."

"ನಾಳೆ ಬರ್ತೀನಿ ತಾಯಪ್ಪಣ್ಣ," ಎಂದಳು.

ಅವಳು ಸುಳ್ಳು ಹೇಳಿರಲಿಲ್ಲ. ಹೋಗಬೇಕೆಂದೇ ಇದ್ದಳು. ಮರುದಿನ ಬೇರೆ ಸುರಂಗದ ಪೆಟ್ಟಿಗೆ ಕೆಟ್ಟಿತು. ಅದರ ಮರುದಿನ ಮ್ಯಾನೇಜರ್ ಸಭೆ ಕರೆದ. ಎಂಟು ದಿನ ಬಿಟ್ಟು ತಾಯಪ್ಪ ಮತ್ತೆ ಬಂದ. ಅವಳು ಮತ್ತೆ ನಾಳೆ ಎಂದಳು. ಆಮೇಲೆ ಅವನ ಮಾತು ಮರೆತೇಹೋಯಿತು.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಆ ಸುರಂಗದ ಚಾವಣಿ ಕುಸಿಯಿತು.

ಒಳಗೆ ಐವರಿದ್ದರು. ಬಾಗತೊಡಗಿದ ಕಂಬಕ್ಕೆ ತಾಯಪ್ಪ ಹೆಗಲು ಕೊಟ್ಟು ನಿಂತ. ನಾಲ್ವರು ಓಡಿ ಹೊರಬಂದರು. ಅವನು ಬರುವಷ್ಟರಲ್ಲಿ ಕಲ್ಲು ಬಿತ್ತು. ಬಾಯಿಂದ ಮೂವತ್ತು ಮೀಟರಿನಿಂದ ಆಚೆಗೆ ಸುರಂಗ ಮುಚ್ಚಿಹೋಯಿತು.

ಆ ಕಲ್ಲನ್ನೆಲ್ಲ ತೆಗೆಯಲು ಎರಡು ಮೂರು ದಿನ ಬೇಕು. ಅಷ್ಟು ದಿನಕ್ಕೆ ಒಳಗೆ ಗಾಳಿಯಿಲ್ಲ. ಪಕ್ಕದಲ್ಲೇ ಇನ್ನೊಂದು ಸುರಂಗವಿತ್ತು. ಎರಡರ ನಡುವೆ ಏಳು ಮೀಟರ್ ಬಂಡೆ. ಅಲ್ಲಿಂದ ಅಡ್ಡಲಾಗಿ ಒಂದು ರಂಧ್ರ ಕೊರೆದು ಗಾಳಿ ಬಿಡಬಹುದು. ಕೊರೆಯಲು ಆರು ಗಂಟೆ ಹಿಡಿಯುತ್ತದೆ. ಆದರೆ ಸುರಂಗ ಅಲ್ಲಲ್ಲಿ ಕುಸಿದು, ನಡುನಡುವೆ ಪೊಳ್ಳು ಜಾಗ ಉಳಿದಿತ್ತು. ತಾಯಪ್ಪನಿರುವ ಪೊಳ್ಳಿಗೇ ರಂಧ್ರ ಹೋಗಿ ಸೇರಬೇಕು. ನಾಲ್ಕು ಹೆಜ್ಜೆ ತಪ್ಪಿದರೆ ಬರೀ ಕಲ್ಲು ಸಿಗುತ್ತದೆ. ಇನ್ನೊಂದು ಕೊರೆಯುವಷ್ಟು ಹೊತ್ತು ಅವನಿಗೆ ಇರುವುದಿಲ್ಲ.

ಎಲ್ಲಿ ಕೊರೆಯಬೇಕು ಎಂದು ಎಲ್ಲರೂ ಮಹಾನಂದಾಳ ಮುಖ ನೋಡಿದರು.

ಪೆಟ್ಟಿಗೆ ಕರೆಯುತ್ತಿತ್ತು. ಕಲ್ಲಿನ ಸಂದಿಯಿಂದ ಬಿಲ್ಲೆಯ ಉತ್ತರ ಬಲು ಕ್ಷೀಣವಾಗಿ ಬರುತ್ತಿತ್ತು. ಅರವತ್ತೊಂಬತ್ತು ಎಂದು ಪರದೆ ತೋರಿಸಿತು.

"ಹಿಂದಕ್ಕೆ ಓಡಿ ಸುರಂಗದ ಕೊನೆಯಲ್ಲಿ ಕೂತಿದ್ದಾನೆ," ಎಂದ ಮ್ಯಾನೇಜರ್. "ಅರವತ್ತೊಂಬತ್ತಕ್ಕೇ ಕೊರೆಯಿರಿ."

ಅದು ನಂಬುವಂಥದ್ದೇ. ಕೊರೆಯುವ ಯಂತ್ರ ತರುವಷ್ಟರಲ್ಲಿ ಒಂದು ಗಂಟೆಯಾಯಿತು. ಆ ಒಂದು ಗಂಟೆ ಮಹಾನಂದಾ ಪರದೆಯ ಮುಂದೆ ಕುಳಿತಿದ್ದಳು. ಅರವತ್ತೊಂಬತ್ತು ಎಪ್ಪತ್ತಾಯಿತು. ಎಪ್ಪತ್ತೊಂದಾಯಿತು. ಆಮೇಲೆ ಎಪ್ಪತ್ತಮೂರು.

ಅವಳ ಹಿಂದೆ ಹುಸೇನಪ್ಪ ಮೇಸ್ತ್ರಿ ನಿಂತಿದ್ದ. ತಾಯಪ್ಪನ ಜೊತೆಗೇ ಗಣಿಗೆ ಸೇರಿದವನು. ಓದು ಬರಹ ಅಷ್ಟಕ್ಕಷ್ಟೆ, ಅಂಕಿ ಮಾತ್ರ ಓದಬಲ್ಲ.

"ಮೇಡಂ, ಎಪ್ಪತ್ತಕ್ಕ ಬಂಡೆ ಅದರೀ," ಎಂದ ಹುಸೇನಪ್ಪ. "ತಾಯಪ್ಪ ಬಂಡೆಯೊಳಗ ನಡ್ಕೊಂತ ಹೊಂಟಾನೇನ್ರೀ?"

ಮಹಾನಂದಾ ಪರದೆಯ ಮೇಲಿನ ಅಂಕಿಗೆ ಬೆರಳಿಟ್ಟಳು.

"ಅವ ಎಲ್ಲೂ ಹೋಗಿಲ್ರೀ. ಕುಂತಲ್ಲೇ ಕುಂತಾನ. ಕುಂತ ಮನಷ್ಯಾ ದೂರ ಹ್ಯಾಂಗ ಆಗ್ತಾನ?"

ಆಗ ಅವಳಿಗೆ ತಿಳಿಯಿತು. ಆರು ತಿಂಗಳಿಂದ ಹುಡುಕಿದ ತಪ್ಪು ದಾರಿಯಲ್ಲಿ ಇರಲೇ ಇಲ್ಲ. ತಾಯಪ್ಪನ ಬಿಲ್ಲೆ ಹಳತಾಗಿತ್ತು. ಅದರ ಬ್ಯಾಟರಿ ಸೋತಿತ್ತು, ಒಳಗಿನ ಗಡಿಯಾರ ನಿಧಾನವಾಗಿ ಓಡುತ್ತಿತ್ತು. ಈಗ ನೀರಿನಲ್ಲಿ ನೆನೆದು ಇನ್ನೂ ನಿಧಾನವಾಗುತ್ತಿತ್ತು. ಕರೆ ಕೇಳಿ ಉತ್ತರಕ್ಕೆ ಸಜ್ಜಾಗಲು ಅದು ಬರೆದುಕೊಟ್ಟದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಪೆಟ್ಟಿಗೆ ಆ ಹೊತ್ತನ್ನೂ ದಾರಿಗೇ ಸೇರಿಸುತ್ತಿತ್ತು. ಬಿಲ್ಲೆ ದಣಿದಷ್ಟೂ ಅದನ್ನು ತೊಟ್ಟವನು ದೂರ ಕಾಣುತ್ತಿದ್ದ.

ಎರಡು ಪತ್ರಗಳ ನೆನಪೂ ಆಗಲೇ ಬಂತು. ಅದನ್ನು ಯೋಚಿಸಲು ಅವಳು ತನಗೆ ಹೊತ್ತು ಕೊಡಲಿಲ್ಲ.

ಬಿಲ್ಲೆ ಎಷ್ಟು ನಿಧಾನವಾಗಿದೆ ಎಂದು ತಿಳಿಯಬೇಕು. ಅದಕ್ಕೆ ಒಂದೇ ಉಪಾಯವಿತ್ತು. ಇಷ್ಟು ದಿನ ಪೆಟ್ಟಿಗೆ ಕರೆಯುತ್ತಿತ್ತು, ಬಿಲ್ಲೆ ಉತ್ತರಿಸುತ್ತಿತ್ತು. ಈಗ ಬಿಲ್ಲೆಯೂ ಕರೆಯಬೇಕು, ಪೆಟ್ಟಿಗೆ ಉತ್ತರಿಸಬೇಕು. ಪೆಟ್ಟಿಗೆಯ ಗಡಿಯಾರ ಸರಿಯಾದದ್ದು. ಅದು ಉತ್ತರಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ಖಚಿತವಾಗಿ ಗೊತ್ತು. ಅದೇ ಹೊತ್ತನ್ನು ಬಿಲ್ಲೆ ತನ್ನ ಗಡಿಯಾರದಲ್ಲಿ ಎಷ್ಟೆಂದು ಎಣಿಸಿತು ಎಂದು ನೋಡಿದರೆ, ಬಿಲ್ಲೆಯ ನಿಧಾನ ಎಷ್ಟೆಂದು ಸಿಕ್ಕಿಬಿಡುತ್ತದೆ. ಅದನ್ನು ಕಳೆದರೆ ಉಳಿಯುವುದು ದಾರಿ ಮಾತ್ರ.

ಹಾಗೆ ಕರೆಯುವ ಶಕ್ತಿ ಬಿಲ್ಲೆಗೆ ಮೊದಲಿನಿಂದಲೂ ಇತ್ತು. ಬ್ಯಾಟರಿ ಬೇಗ ಮುಗಿಯುತ್ತದೆ ಎಂದು ಎರಡು ವರ್ಷದ ಹಿಂದೆ ಅವಳೇ ಅದನ್ನು ನಿಲ್ಲಿಸಿದ್ದಳು.

ಅವಳು ಇದನ್ನು ಹೇಳಿದಾಗ ಮ್ಯಾನೇಜರ್ ಕೂಗಾಡಿದ. "ಬ್ಯಾಟರಿ ಈಗಲೋ ಆಗಲೋ ಅನ್ನೋ ಹಾಗಿದೆ ಅಂತ ನೀವೇ ಹೇಳ್ತೀರಿ. ಅದರಿಂದ ಕರೆಸಿದರೆ ಎಷ್ಟು ಸಲ ಕರೆದೀತು?"

"ಮೂರು ಸಲ. ಹೆಚ್ಚೆಂದರೆ ನಾಲ್ಕು."

"ಆಮೇಲೆ?"

"ಆಮೇಲೆ ಏನೂ ಕೇಳಿಸುವುದಿಲ್ಲ."

"ಅವನು ಅಲ್ಲಿದ್ದಾನೆ ಅನ್ನೋದಕ್ಕೆ ಇರೋ ಒಂದೇ ಗುರುತು ಅದು. ಅದನ್ನೂ ಕೈಯಾರೆ ಆರಿಸ್ತೀರಾ?"

ಮಹಾನಂದಾ ಹುಸೇನಪ್ಪನ ಕಡೆ ನೋಡಿದಳು. ಹುಸೇನಪ್ಪ ತಲೆಯಾಡಿಸಿದ. ಅವಳು ಆಜ್ಞೆ ಕಳಿಸಿದಳು.

ಬಿಲ್ಲೆ ಒಮ್ಮೆ ಕರೆಯಿತು. ಪೆಟ್ಟಿಗೆ ಉತ್ತರಿಸಿತು. ಐವತ್ತೆಂಟು. ಮತ್ತೊಮ್ಮೆ ಕರೆಯಿತು. ಐವತ್ತೇಳು. ಮೂರನೆಯ ಸಲವೂ ಐವತ್ತೇಳು. ನಾಲ್ಕನೆಯ ಕರೆ ಬರಲಿಲ್ಲ. ಪರದೆಯ ಮೇಲಿದ್ದ ತಾಯಪ್ಪನ ಗುರುತು ಅಳಿಸಿಹೋಯಿತು. ಅಲ್ಲಿ ನಿಂತವರಲ್ಲಿ ಯಾರೋ ಅಯ್ಯೋ ಎಂದರು.

ಐವತ್ತೇಳು ಅವನು ದಿನಾ ನಿಲ್ಲುವ ಜಾಗವಲ್ಲ. ಸುರಂಗದ ಕೊನೆಯೂ ಅಲ್ಲ. ಆ ಅಂಕಿಯನ್ನು ಬಿಟ್ಟರೆ ಅವಳ ಮಾತಿಗೆ ಬೇರೆ ಆಧಾರವಿರಲಿಲ್ಲ. ಅವಳು ಪಕ್ಕದ ಸುರಂಗಕ್ಕೆ ಹೋಗಿ, ಟೇಪು ಹಿಡಿದು ಐವತ್ತೇಳು ಮೀಟರ್ ಅಳೆದು, ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗುಣಾಕಾರದ ಗುರುತು ಹಾಕಿದಳು. ಮ್ಯಾನೇಜರ್ ಅವಳ ಕೈಯಿಂದ ಒಂದು ಕಾಗದದ ಮೇಲೆ ಸಹಿ ಹಾಕಿಸಿಕೊಂಡ. ಈ ಜಾಗ ತೋರಿಸಿದವಳು ನಾನೇ ಎಂದು ಅದರಲ್ಲಿ ಬರೆದಿತ್ತು. ಅವಳು ಓದದೆ ಸಹಿ ಹಾಕಿದಳು.

ಮಧ್ಯಾಹ್ನ ಒಂದು ಗಂಟೆಗೆ ಕೊರೆಯಲು ತೊಡಗಿದರು. ನಡುವೆ ಕೊರೆಯುವ ಮೂತಿ ಸಿಕ್ಕಿಕೊಂಡು ಹೊಸದನ್ನು ಹಾಕಬೇಕಾಯಿತು. ಮಹಾನಂದಾ ಎದುರು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. ಯಾರೋ ಚಹಾ ತಂದು ಕೊಟ್ಟರು. ಕೈಯಲ್ಲೇ ಅದು ಆರಿಹೋಯಿತು. ಭಯಪಡುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ನಡುವೆ ಒಂದೆರಡು ಸಲ ಕಣ್ಣು ಮುಚ್ಚಿಹೋಯಿತು. ಎಚ್ಚರವಾದಾಗ ಒಬ್ಬ ಮನುಷ್ಯ ಆ ಬಂಡೆಯಾಚೆ ಇರುವಾಗ ತನಗೆ ನಿದ್ದೆ ಹತ್ತಿತಲ್ಲ ಎಂದು ನಾಚಿಕೆಯಾಯಿತು.

ಸಂಜೆ ಏಳರ ಹೊತ್ತಿಗೆ ಯಂತ್ರದ ಸದ್ದು ಬದಲಾಯಿತು. ಮೂತಿ ಪೊಳ್ಳಿಗೆ ಹೊಕ್ಕಿತ್ತು. ಯಂತ್ರ ನಿಲ್ಲಿಸಿ, ಸರಳು ಹಿಂದಕ್ಕೆ ಎಳೆದು, ಗಾಳಿಯ ಕೊಳವೆ ತೂರಿಸಿದರು. ಹುಸೇನಪ್ಪ ಕೊಳವೆಗೆ ಬಾಯಿಟ್ಟು ಕೂಗಿದ.

"ತಾಯಪ್ಪಾ!"

ಉತ್ತರ ಬರಲಿಲ್ಲ. ಮ್ಯಾನೇಜರ್ ಟೋಪಿ ತೆಗೆದ. ಮಹಾನಂದಾ ಎದ್ದು ನಿಂತು ಏನೋ ಹೇಳಹೊರಟಳು. ಹುಸೇನಪ್ಪ ಕೈ ಅಡ್ಡ ಹಿಡಿದ.

"ತಡೀರಿ. ಅವಗೂ ಸ್ವಲ್ಪ ಹೊತ್ತು ಬೇಕಾಗ್ತದ."

ಅವನು ಕೊಳವೆಗೆ ಕಿವಿಯಿಟ್ಟ. ಬಹಳ ಹೊತ್ತಾಯಿತು ಎನ್ನಿಸಿತು. ಆಮೇಲೆ ಕೊಳವೆಯ ಆ ತುದಿಗೆ ಕಲ್ಲಿನಿಂದ ಯಾರೋ ಮೆಲ್ಲಗೆ ಬಡಿದರು.

ತಾಯಪ್ಪನನ್ನು ಹೊರಗೆ ತರಲು ಮತ್ತೂ ಎರಡು ದಿನ ಹಿಡಿಯಿತು. ಜೀವ ಉಳಿಯಿತು. ಬಲಗಾಲಿನ ಪಾದ ಉಳಿಯಲಿಲ್ಲ. ಅವನು ಮತ್ತೆಂದೂ ಗಣಿಗೆ ಇಳಿಯಲಿಲ್ಲ.

ಮಹಾನಂದಾ ಆಸ್ಪತ್ರೆಗೆ ಹೋದಳು. ಹೋಗುವ ದಾರಿಯಲ್ಲಿ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಮಂಚದ ಬಳಿ ನಿಂತಾಗ ಅದರಲ್ಲಿ ಅರ್ಧವೂ ಬಾಯಿಗೆ ಬರಲಿಲ್ಲ.

"ತಾಯಪ್ಪಣ್ಣ, ಆ ಪತ್ರ ನಾನು ಬರೆದದ್ದರಿಂದ ಬಂತು. ನೀವು ಎರಡು ಸಲ ಬಂದು ಕರೆದಿರಿ. ನಾನು ಬರಲಿಲ್ಲ."

ತಾಯಪ್ಪ ಮೇಲಿನ ಪಂಖದ ಕಡೆ ನೋಡುತ್ತ ಮಲಗಿದ್ದ.

"ಎರಡು ಅಲ್ರೀ ಮೇಡಂ, ಮೂರು ಸಲ ಬಂದಿದ್ದೆ," ಎಂದ. "ಮೂರನೇ ಸಲ ಒಳಗ ಬರ್ಲಿಲ್ಲ. ಕಿಡಕ್ಯಾಗ ನೋಡಿದೆ. ನೀವು ಟೇಬಲ್ ಮ್ಯಾಲ ತಲಿ ಇಟ್ಕೊಂಡು ಕುಂತಿದ್ರಿ. ಪಾಪ, ಭಾಳ ದಣಿದಾರ, ಇವತ್ತ ಬ್ಯಾಡ ಅಂತ ಹೊಳ್ಳಿ ಹೋದೆ."

ಅವಳು ಅವನ ಮಂಚದ ಕಬ್ಬಿಣದ ಕೋಲನ್ನು ಹಿಡಿದುಕೊಂಡು ನಿಂತಳು. ನರ್ಸ್ ಬಂದು ಹೊತ್ತಾಯಿತು ಎನ್ನುವ ತನಕ ಹಾಗೆಯೇ ನಿಂತಿದ್ದಳು.

ಮುಂದಿನ ವಾರ ಅವಳು ಗಣಿಯ ಎಲ್ಲ ಬಿಲ್ಲೆಗಳೂ ತಾವಾಗಿಯೇ ಕರೆಯುವಂತೆ ಮಾಡಿದಳು. ಬ್ಯಾಟರಿಗಳನ್ನು ಮೂರು ಪಟ್ಟು ಬೇಗ ಬದಲಿಸಬೇಕಾಗಿ ಬಂತು. ಮ್ಯಾನೇಜರ್ ಗೊಣಗಿದ, ಆದರೆ ತಡೆಯಲಿಲ್ಲ. ಅಳತೆ ಮತ್ತೆ ಮೊಳದೊಳಗೆ ಬಂತು. ಅವಳು ಹಿಂದಿನ ಎಚ್ಚರಿಕೆಯ ಪತ್ರಗಳನ್ನೆಲ್ಲ ಹೊರಗೆ ತೆಗೆಸಿ, ಒಬ್ಬೊಬ್ಬನ ಹಳೆಯ ಬಿಲ್ಲೆಯನ್ನೂ ಹುಡುಕಿ ಪರೀಕ್ಷಿಸಿದಳು. ಪತ್ರ ಪಡೆದವರು ಒಟ್ಟು ಹನ್ನೊಂದು ಮಂದಿ. ಅವರಲ್ಲಿ ಒಂಬತ್ತು ಮಂದಿ ತಮ್ಮ ಜಾಗದಲ್ಲೇ ಇದ್ದವರು. ಆ ಒಂಬತ್ತರಲ್ಲಿ ಏಳು ಜನರನ್ನು ಕರೆಸಿ, ಅವರ ಎದುರಿಗೇ ಪತ್ರ ಹರಿದು ಹಾಕಿಸಿದಳು. ಉಳಿದ ಇಬ್ಬರು ಮೂರನೆಯ ಪತ್ರ ಬಂದು ಅದಾಗಲೇ ಊರು ಬಿಟ್ಟಿದ್ದರು. ಅವರು ಎಲ್ಲಿದ್ದಾರೆಂದು ಯಾರಿಗೂ ತಿಳಿದಿರಲಿಲ್ಲ. ಅವಳು ಬಹಳ ದಿನ ವಿಚಾರಿಸಿದಳು. ಆಮೇಲೂ ಅವಳು ಅದೇ ಗಣಿಯಲ್ಲಿ ಕೆಲಸ ಮಾಡಿದಳು. ಅವಳ ದಣಿವು ಹೋಗಲಿಲ್ಲ. ಆದರೆ ಬಾಗಿಲಿಗೆ ಬಂದವರಿಗೆ ನಾಳೆ ಎನ್ನುವುದನ್ನು ಬಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು.

ಅಡಿವೆಪ್ಪನ ಮುಖ ಹಗುರಾಗಿತ್ತು. "ತಿಳಿಯಿತು ಅಜ್ಜಾರೇ," ಎಂದ. "ಅಣ್ಣ ದೂರ ಹೋಗಿಲ್ಲ, ದಣಿದಿದ್ದಾನೆ, ಅಷ್ಟೆ. ಹೌದಲ್ಲವೇ?"

"ಅವನ ವಿಷಯ ನನಗೆ ತಿಳಿಯದು, ಅಡಿವೆಪ್ಪ. ಅವನು ಕರೆದಾಗ ನೀನು ಎಷ್ಟು ಹೊತ್ತಿಗೆ ಓಗೊಟ್ಟೆ?"